ಪಾಳು ಬಿದ್ದ ಹಿತ್ತಲನ್ನು ತೋಟ ಮಾಡಬೇಕು, ಮೊದಲು ಕಳೆ ತೆಗೆಯೋದು ಹೇಗೆ?

ಹಿತ್ತಲಮನೆ (ಮೈಸೂರು), ಮಾರ್ಚ್ 24

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಅಪ್ಪ ಅಮ್ಮ ಕಟ್ಟಿಸಿದ ಮನೆ ಇದೆ. ಬಾಡಿಗೆಯವರು ಬಿಟ್ಟು ಹೋದ ಮೇಲೆ ವರ್ಷಗಟ್ಟಲೆ ಬೀಗ ಹಾಕಿಯೇ ಇತ್ತು. ಈಗ ನಾವೇ ಬಂದು ಇರೋಣ ಅಂತ ತೀರ್ಮಾನ ಮಾಡಿದ್ದೇವೆ. ಒಳಗೆ ಸುಣ್ಣ ಬಣ್ಣದ ಕೆಲಸ ಸಾಗಿದೆ. ಯೋಚನೆ ಹತ್ತಿರೋದು ಹಿತ್ತಲಿನದು.

ಸುಮಾರು 30 ಅಡಿ ಅಗಲ, 40 ಅಡಿ ಉದ್ದದ ಜಾಗ. ಒಂದು ಮಾವಿನ ಮರ, ಒಂದು ಸಂಪಿಗೆ, ಬಾವಿ ಪಕ್ಕ ಕರಿಬೇವು. ಇವು ಬಿಟ್ಟರೆ ಉಳಿದದ್ದೆಲ್ಲ ಕಳೆ. ಕಾಂಪೌಂಡ್ ಉದ್ದಕ್ಕೂ ಎದೆಮಟ್ಟ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿದೆ. ಬಾವಿ ಮೂಲೆಯಲ್ಲಿ ಲಂಟಾನ ಪೊದೆ. ನಡುವೆ ಗರಿಕೆ, ಉತ್ತರಾಣಿ, ತೋಳಿನಷ್ಟು ದಪ್ಪ ಬೆಳೆದ ಸುಬಾಬುಲ್. ಒಳಗೆ ಹೋಗಿ ಬಂದರೆ ಬಟ್ಟೆಗೆ ಅಂಟಿದ ಉತ್ತರಾಣಿ ಬೀಜ ಬಿಡಿಸೋದೇ ಒಂದು ಕೆಲಸ.

ಒಬ್ಬ ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರ್ ಬಂದು ನೋಡಿದರು. ಜೆಸಿಬಿ ತಂದು ಮೇಲಿನ ಅರ್ಧ ಅಡಿ ಕೆರೆದು, ಎರಡು ಲೋಡ್ ಕೆಂಪು ಮಣ್ಣು ಹೊಡೆಸಿ, ಲಾನ್ ಹಾಸಿ, ಕಲ್ಲಿನ ದಾರಿ ಮಾಡಿ ಒಂದೇ ವಾರದಲ್ಲಿ ಮುಗಿಸಿ ಕೊಡುತ್ತೇನೆ ಅಂದರು. ನನ್ನ ತಮ್ಮ "ಕಳೆನಾಶಕ ಹೊಡೆಸಿಬಿಡಕ್ಕ, ಸುಮ್ನೆ ಯಾಕೆ ಒದ್ದಾಟ" ಅಂತಾನೆ. ಮಗಳಿಗೆ ವೀಸಿಂಗ್ ಇದೆ, ಹಾಗಾಗಿ ಯಾವುದಕ್ಕೂ ಧೈರ್ಯ ಬರುತ್ತಿಲ್ಲ. ಮಾವಿನ ಮರ ಅಮ್ಮ ನೆಟ್ಟದ್ದು, ಅದಕ್ಕೆ ಏನೂ ಆಗಬಾರದು. ಅನುಭವ ಇರುವವರು ದಯವಿಟ್ಟು ಹೇಳಿ.

ಕಬ್ಬಿನಗದ್ದೆ (ಮಂಡ್ಯ)

ಮೇಡಂ, ಕಂಟ್ರಾಕ್ಟರಿಗೆ ಈಗಲೇ ಅಡ್ವಾನ್ಸ್ ಕೊಡಬೇಡಿ. ಮೊದಲು ಒಂದು ಗುದ್ದಲಿ ತಗೊಂಡು ಹಿತ್ತಲಿನ ನಾಲ್ಕಾರು ಕಡೆ ಒಂದೊಂದು ಅಡಿ ಗುಂಡಿ ತೆಗೆದು ನೋಡಿ. ಮೇಲೆ ಎದೆಮಟ್ಟ ನಿಂತಿರೋದು ನಿಮ್ಮನ್ನು ಹೆದರಿಸುತ್ತಿದೆ. ಆದರೆ ಕೆಲಸ ಎಷ್ಟಿದೆ ಅಂತ ಹೇಳೋದು ಕೆಳಗಿರುವುದು.

ಕಳೆಗಳಲ್ಲಿ ಎರಡು ಜಾತಿ ಅಂತ ಇಟ್ಟುಕೊಳ್ಳಿ. ಕಾಂಗ್ರೆಸ್ ಗಿಡ, ಉತ್ತರಾಣಿ, ಅಣ್ಣೆಸೊಪ್ಪು ಇವೆಲ್ಲ ಬೀಜದಿಂದ ಬರುವಂಥವು. ಬೇರು ಸಮೇತ ಕಿತ್ತರೆ ಆ ಗಿಡದ ಕಥೆ ಮುಗಿಯಿತು. ಮಣ್ಣಿಗೆ ಬಿದ್ದಿರುವ ಬೀಜದ ಲೆಕ್ಕ ಬೇರೆ. ಇನ್ನೊಂದು ಜಾತಿ ಗರಿಕೆ ಮತ್ತು ಜೇಕು. ಇವು ನೆಲದೊಳಗೆ ಗೆಣ್ಣಿನಿಂದ, ಗಡ್ಡೆಯಿಂದ ಹಬ್ಬುತ್ತವೆ. ಮೇಲೆ ಎಷ್ಟು ಕೊಯ್ದರೂ ಅವಕ್ಕೆ ಲೆಕ್ಕವಿಲ್ಲ.

ನೀವು ಜೇಕಿನ ಹೆಸರು ಹೇಳಿಲ್ಲ. ಆದರೆ ಇಷ್ಟು ವರ್ಷ ಬಿಟ್ಟ ಜಾಗದಲ್ಲಿ ಇಲ್ಲದೇ ಇರೋದು ಅಪರೂಪ. ನೋಡಲು ಹುಲ್ಲಿನ ಹಾಗೇ ಇರುತ್ತದೆ. ಕಾಂಡವನ್ನು ಬೆರಳ ನಡುವೆ ಹಿಡಿದು ತಿರುಗಿಸಿ. ಹುಲ್ಲಾದರೆ ದುಂಡಗೆ ಸಿಗುತ್ತದೆ, ಜೇಕಾದರೆ ಮೂರು ಮೂಲೆ ಕೈಗೆ ತಾಗುತ್ತವೆ. ಅದರ ಬುಡ ಅಗೆದರೆ ಕಪ್ಪು ಸಿಪ್ಪೆಯ ಸಣ್ಣ ಗಡ್ಡೆ, ಉಗುರಿಂದ ಮುರಿದರೆ ಒಳಗೆ ಬಿಳುಪು, ಒಂಥರಾ ಸುವಾಸನೆ. ಆ ಗಡ್ಡೆಯಿಂದ ತಂತಿಯಂಥ ಬೇರು ಹೊರಟು ಇನ್ನೊಂದು ಗಡ್ಡೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿರುತ್ತದೆ. ಮೇಲಿನದನ್ನು ಎಳೆದರೆ ತಂತಿ ತುಂಡಾಗುತ್ತದೆ, ಕೆಳಗಿದ್ದ ಗಡ್ಡೆಗಳೆಲ್ಲ ಒಂದೊಂದೂ ಹೊಸ ಗಿಡ ಆಗುತ್ತವೆ. ನಮ್ಮ ಕಬ್ಬಿನ ಗದ್ದೆಗಳಲ್ಲಿ ರೈತರ ಕೂಲಿ ದುಡ್ಡು ಜಾಸ್ತಿ ತಿನ್ನೋದೇ ಇದು.

ಗುಂಡಿಯಲ್ಲಿ ಆ ಗಡ್ಡೆ ಸಿಕ್ಕಿದರೆ ಈ ವರ್ಷ ಲಾನ್ ಯೋಚನೆ ಮುಂದಕ್ಕೆ ಹಾಕಿ. ಒಂದು ಮುಂಗಾರನ್ನು ಮಣ್ಣಿಗೆ ಕೊಡಿ. ಇದೊಂದು ಮಾತು ಕೇಳಿದರೆ ಸಾಕು.

ಟೆರೇಸ್ ತೋಟ (ಬೆಂಗಳೂರು)

ನನಗೆ ಜೆಸಿಬಿಯಲ್ಲಿ ತಪ್ಪು ಕಾಣುತ್ತಿಲ್ಲ. ನಮ್ಮ ಅಣ್ಣನ ಸೈಟಿನಲ್ಲಿ ಒಂದು ಮಧ್ಯಾಹ್ನದೊಳಗೆ ಎಲ್ಲ ಬೋಳು ಮಾಡಿ ಕೊಟ್ಟರು. ಈಗ ಆಳುಗಳು ಸಿಗೋದೇ ಕಷ್ಟ. ಸಿಕ್ಕಿದರೂ ಇಡೀ ಹಿತ್ತಲು ಕೈಯಲ್ಲಿ ಮಾಡಿಸಿದರೆ ಜೆಸಿಬಿ ಬಾಡಿಗೆಗಿಂತ ಜಾಸ್ತಿ ಆಗುತ್ತದೆ.

ಕಬ್ಬಿನಗದ್ದೆ (ಮಂಡ್ಯ)

ಖಾಲಿ ಸೈಟಾದರೆ, ಮನೆ ಕಟ್ಟೋದಾದರೆ ಜೆಸಿಬಿ ಸರಿ. ಇಲ್ಲಿ ತೋಟ ಮಾಡಬೇಕು. ಮೇಲಿನ ಅರ್ಧ ಅಡಿಯಲ್ಲೇ ಮಣ್ಣಿನ ಸಾರ ಇರೋದು. ಅಷ್ಟು ವರ್ಷ ಮಾವಿನ ಎಲೆ ಉದುರಿ ಕೊಳೆತು ಆದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸಿ, ದುಡ್ಡು ಕೊಟ್ಟು ಎಲ್ಲಿಯದೋ ಮಣ್ಣು ತರಿಸೋದು ಯಾವ ನ್ಯಾಯ?

ಮಾವಿನ ಮರಕ್ಕೆ ಆಹಾರ ಎಳೆಯುವ ಸಣ್ಣ ಬೇರುಗಳು ಮೇಲ್ಗಡೆಯೇ ಇರುತ್ತವೆ. ಜೆಸಿಬಿ ಬಕೆಟ್ ಅವನ್ನು ಹರಿಯುತ್ತದೆ, ಅದರ ಭಾರಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಳಿಯೋದಿಲ್ಲ. ಮರ ಅವತ್ತೇ ಸಾಯೋದಿಲ್ಲ. ವರ್ಷ ಕಳೆದ ಮೇಲೆ ತುದಿ ಕೊಂಬೆ ಒಣಗಲು ಶುರುವಾಗುತ್ತದೆ, ಆಗ ಯಾಕೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಮರದ ನೆರಳು ಬೀಳುವಷ್ಟು ಜಾಗದಲ್ಲಿ ಯಂತ್ರ ಬೇಡವೇ ಬೇಡ, ಆಳ ಅಗೆಯೋದೂ ಬೇಡ.

ಇನ್ನು ಆ ಎರಡು ಲೋಡ್ ಕೆಂಪು ಮಣ್ಣು. ಎಲ್ಲಿಂದ ತರುತ್ತಾರೆ ಅಂತ ಕೇಳಿ. ಹೊಲದ ಮಣ್ಣೋ ಕೆರೆ ಅಂಗಳದ ಮಣ್ಣೋ ಆದರೆ ಜೇಕಿನ ಗಡ್ಡೆ ಅದರ ಜೊತೆಗೇ ಬರುತ್ತದೆ. ಹಳೆ ಕಳೆ ತೆಗೆಸಿ ಹೊಸ ಕಳೆ ದುಡ್ಡು ಕೊಟ್ಟು ತಂದ ಹಾಗೆ. ಲೋಡ್ ಇಳಿಸುವ ಮುಂಚೆ ಒಂದು ಬಾಂಡ್ಲಿ ಮಣ್ಣನ್ನು ಜರಡಿ ಹಿಡಿದು ನೋಡಿ.

ಎರೆಹೊಲ (ಧಾರವಾಡ)

ಅಕ್ಕಾರ, ನಿಮ್ಮ ಮಗಳಿಗೆ ವೀಸಿಂಗ್ ಇದೆ ಅಂದ್ರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಹೋಗಬೇಕಾದ್ದು ಕಾಂಗ್ರೆಸ್ ಗಿಡ. ಅದರ ಹೂಪುಡಿ ಉಸಿರಿನಲ್ಲಿ ಹೋದರೆ ಸೀನು, ಮೂಗು ಸೋರೋದು, ಉಬ್ಬಸ. ಗಿಡ ಮೈಗೆ ತಾಗಿದರೆ ಕೆಲವರಿಗೆ ಚರ್ಮ ಕೆಂಪಾಗಿ, ದಪ್ಪಗಾಗಿ ವರ್ಷಗಟ್ಟಲೆ ಕಾಡುತ್ತದೆ. ಇದು ಒಮ್ಮೆ ಒಗ್ಗದೇ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ಸಾಕು, ಮತ್ತೆ ಏಳುತ್ತದೆ. ಇದನ್ನು ಕೀಳುವ ದಿನ ಮಗಳನ್ನು ಆ ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ.

ಇದು ನಮ್ಮ ನೆಲದ ಗಿಡ ಅಲ್ಲ. ಮೆಕ್ಸಿಕೋ ಕಡೆಯದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತು ಅಂತ ಹೇಳುತ್ತಾರೆ. ಈಗ ಇಲ್ಲದ ಊರಿಲ್ಲ. ಒಂದೇ ಗಿಡ 15,000ದಿಂದ 25,000 ಬೀಜ ಕೊಡುತ್ತದೆ. ನಿಮ್ಮ ಕಾಂಪೌಂಡ್ ಉದ್ದಕ್ಕೆ ಎಷ್ಟು ಗಿಡ ಇವೆಯೋ ಲೆಕ್ಕ ಹಾಕಿಕೊಳ್ಳಿ.

ಕೀಳುವ ಕ್ರಮ ಹೀಗೆ. ಮಾರ್ಚಿನಲ್ಲಿ ನೆಲ ಒಣಗಿ ಕಲ್ಲಾಗಿರುತ್ತದೆ, ಹಾಗೇ ಎಳೆದರೆ ಬುಡದಲ್ಲಿ ಮುರಿದು ಮತ್ತೆ ಚಿಗುರುತ್ತದೆ. ಹಿಂದಿನ ಸಂಜೆ ಪೈಪಿನಲ್ಲಿ ನೀರು ಬಿಡಿ. ಬೆಳಿಗ್ಗೆ ಬೇಗ, ಗಿಡದ ಮೇಲೂ ನೀರು ಹೊಡೆದು ಹೂಪುಡಿ ಏಳದ ಹಾಗೆ ಮಾಡಿಕೊಂಡು ಕೀಳಿ. ತುಂಬು ತೋಳಿನ ಅಂಗಿ, ಕೈಗವಸು, ಮೂಗಿಗೆ ಮಾಸ್ಕ್. ಆಳುಗಳಿಗೂ ಇದನ್ನೆಲ್ಲ ನೀವೇ ಕೊಡಿ. ನಮಗೆ ರೂಢಿ ಇದೆ ಅಂತ ಅವರು ಹಾಗೇ ಕೈ ಹಾಕುತ್ತಾರೆ, ದಯವಿಟ್ಟು ಬಿಡಬೇಡಿ. ಹೂ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ, ಒಳಗೇ ಬೆಂದು ಕೊಳೆಯುತ್ತದೆ. ಹೂ ಬರುವ ಮುಂಚಿನ ಎಳೆ ಗಿಡ ಆದರೆ ಗೊಬ್ಬರಕ್ಕೆ ಹಾಕಬಹುದು, ಅಡ್ಡಿಯಿಲ್ಲ. ಕೆಲಸ ಮಾಡಿದ ಬಟ್ಟೆ ಬೇರೆಯಾಗಿ ಒಗೆಯಿರಿ.

ಹಿತ್ತಲಮನೆ (ಮೈಸೂರು)

ತುಂಬ ಧನ್ಯವಾದ ಸರ್. ಗುಂಡಿ ತೆಗೆಸಿ ನೋಡಿದೆವು. ಮಂಡ್ಯದ ಸರ್ ಹೇಳಿದ ಹಾಗೇ ಜೇಕಿನ ಗಡ್ಡೆ ಎಲ್ಲ ಗುಂಡಿಯಲ್ಲೂ ಸಿಕ್ಕಿತು. ಬಿಸಿಲು ಬೀಳುವ ಕಡೆ ಜಾಸ್ತಿ, ಮಾವಿನ ಕೆಳಗೆ ತೀರಾ ಕಡಿಮೆ. ಅದು ಯಾಕೆ?

ಇನ್ನೊಂದು, ಪಕ್ಕದ ರಸ್ತೆಯಲ್ಲಿ ಕುರಿ ಮೇಯಿಸುವವರು ಬರುತ್ತಾರೆ. ಮೊದಲು ಕುರಿ ಬಿಟ್ಟು ಮೇಯಿಸಿಬಿಟ್ಟರೆ ಕೆಲಸ ಹಗುರ ಆಗುತ್ತದಾ?

ಕಬ್ಬಿನಗದ್ದೆ (ಮಂಡ್ಯ)

ನೆರಳು ಅಂದರೆ ಜೇಕಿಗೆ ಆಗೋದಿಲ್ಲ. ಗರಿಕೆಗೂ ಅಷ್ಟೆ. ಇದನ್ನು ನೆನಪಲ್ಲಿಡಿ, ಮುಂದೆ ನಿಮಗೆ ಸಹಾಯಕ್ಕೆ ಬರೋದು ಇದೇ ಗುಣ.

ಕುರಿ ಬೇಡ. ಲಂಟಾನ ದನ ಕುರಿಗೆ ವಿಷ, ಕಾಂಗ್ರೆಸ್ ಗಿಡವೂ ಒಳ್ಳೇದಲ್ಲ. ಪಾಪ, ಯಾರದೋ ಬದುಕು ಅದು. ಬೇಕಿದ್ದರೆ ಸುಬಾಬುಲ್ ಕಡಿದ ಮೇಲೆ ಅದರ ಸೊಪ್ಪನ್ನು ಕೊಡಿ, ಬೇರೆ ಮೇವಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿಕೊಳ್ಳುತ್ತಾರೆ.

ಕಾಫಿತೋಟ (ಚಿಕ್ಕಮಗಳೂರು)

ನಿಮ್ಮ ತಮ್ಮ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ ಮೇಡಂ. ಆಳಿನ ಕೊರತೆ ಇರುವ ಕಡೆ ಕಳೆನಾಶಕ ಬಳಕೆಯಲ್ಲಿದೆ. ಗ್ಲೈಫೋಸೇಟ್ ಎಲೆಯ ಮೂಲಕ ಒಳಗೆ ಇಳಿದು ಬೇರಿನವರೆಗೆ ಹೋಗುತ್ತದೆ, ಗರಿಕೆಯಂಥದ್ದನ್ನು ಒಣಗಿಸುತ್ತದೆ. ಆದರೆ ತಿಳಿದು ಮಾಡಬೇಕಾದ ಕೆಲಸ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ತರಬೇತಿ ಪಡೆದ ಪೆಸ್ಟ್ ಕಂಟ್ರೋಲ್‌ನವರು ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿದೆ. ಅಂಗಡಿಯಿಂದ ಬಾಟಲಿ ತಂದು ಸ್ಪ್ರೇಯರಿಗೆ ಸುರಿದು ಹೊಡೆಯುವಂಥದ್ದಲ್ಲ.

ಒಣಗಿದ ಕಳೆಗೆ ಇದು ಹಿಡಿಯೋದೂ ಇಲ್ಲ. ಮಾರ್ಚಿನಲ್ಲಿ ಧೂಳು ಕೂತು ಬಾಡಿದ ಗರಿಕೆಗೆ ಹೊಡೆದರೆ ದುಡ್ಡು ದಂಡ. ಹಸಿರಾಗಿ ಚಿಗುರಿ ಬೆಳೆಯುವಾಗ ಮಾತ್ರ ಕೆಲಸ ಮಾಡುತ್ತದೆ. ಗಾಳಿಗೆ ಹಾರಿ ಕರಿಬೇವಿನ ಮೇಲೆ ಬಿದ್ದರೆ ಅದೂ ಹೋಗುತ್ತದೆ.

ವಾರ್ಡ್ ಸಿಸ್ಟರ್ (ಶಿವಮೊಗ್ಗ)

ನಾನು ತೋಟದವಳಲ್ಲ, ಆಸ್ಪತ್ರೆಯಲ್ಲಿ ನರ್ಸ್. ಒಂದೇ ಮಾತು ಹೇಳಬೇಕು. ಕಳೆಗೆ ಅಂತ ಅಂಗಡಿಯಲ್ಲಿ ಪ್ಯಾರಾಕ್ವಾಟ್ ಕೊಟ್ಟರೆ ಮನೆಗೆ ತರಲೇಬೇಡಿ. ಅದು ಒಂದೇ ಗುಟುಕು ಹೊಟ್ಟೆಗೆ ಹೋದರೂ ಶ್ವಾಸಕೋಶ, ಮೂತ್ರಪಿಂಡ ಎರಡೂ ಕೆಡುತ್ತವೆ, ಪ್ರತಿವಿಷ ಅನ್ನೋದೇ ಇಲ್ಲ. ಉಳಿದ ಔಷಧಿಯನ್ನು ನೀರಿನ ಬಾಟಲಿಗೆ ತುಂಬಿ ಬಚ್ಚಲಲ್ಲಿ ಇಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ಇದೆ. ಮಕ್ಕಳಿರುವ ಮನೆ, ಬಾವಿ ಇರುವ ಹಿತ್ತಲು. ಕೈಯಲ್ಲೇ ಕೀಳಿಸಿ ಅಕ್ಕ. ನಿಧಾನ ಆದರೂ ಪರವಾಗಿಲ್ಲ.

ಕಾಫಿತೋಟ (ಚಿಕ್ಕಮಗಳೂರು)

ಸಿಸ್ಟರ್ ಹೇಳಿದ್ದಕ್ಕೆ ನನ್ನ ಎದುರು ಮಾತಿಲ್ಲ. ಬಾವಿ ಇದೆ, ಉಬ್ಬಸದ ಮಗು ಇದೆ ಅಂದ ಮೇಲೆ ಆ ಹಿತ್ತಲಿಗೆ ಯಾವ ಕಳೆನಾಶಕವೂ ಬೇಡ.

ಅಡಿಕೆಸೋಗೆ (ಸಾಗರ)

ತಂಗೀ, ಎಲ್ಲರೂ ಕೀಳೋದರ ಬಗ್ಗೆ ಹೇಳಿದರು. ನಾನು ಬಿಡೋದರ ಬಗ್ಗೆ ಹೇಳುತ್ತೇನೆ.

ಆಳುಗಳು ಬರುವ ಮುಂಚೆ ಒಂದು ಬೆಳಿಗ್ಗೆ ನಿಧಾನವಾಗಿ ಹಿತ್ತಲು ಸುತ್ತಿ ಬಾ. ಬಾವಿ ಪಕ್ಕದ ತೇವದಲ್ಲಿ ಹೊನಗೊನ್ನೆ ಸೊಪ್ಪು ಇರಬಹುದು. ಮಾವಿನ ನೆರಳಲ್ಲಿ ನೆಲನೆಲ್ಲಿ, ಬೇಲಿ ಸಾಲಲ್ಲಿ ತುಂಬೆ. ಪುಳಿಯಾರೆ ಸಿಕ್ಕಿದರೆ ತಂಬುಳಿಗೆ ಆಗುತ್ತದೆ. ಇವನ್ನೆಲ್ಲ ಕಳೆ ಅಂತ ಕಿತ್ತು ಎಸೆದು, ಆಮೇಲೆ ನರ್ಸರಿಯಿಂದ ಕುಂಡದಲ್ಲಿ ತರೋದು ನನಗೆ ಸರಿ ಕಾಣೋದಿಲ್ಲ. ಒಂದು ಮೂಲೆಗೆ ಸಾಲಾಗಿ ನೆಟ್ಟುಕೋ. ಗುರುತು ಗಟ್ಟಿಯಾಗಿ ಸಿಗದ ಸೊಪ್ಪನ್ನು ಮಾತ್ರ ಅಡುಗೆಗೆ ತರಬೇಡ. ಅಕ್ಕಪಕ್ಕದ ಹಿರಿಯರನ್ನು ಕರೆದು ತೋರಿಸು. ಕಳೆನಾಶಕ ಬೇಡ ಅನ್ನೋದಕ್ಕೆ ನನ್ನ ಕಾರಣ ಇದೂ ಹೌದು. ಅದಕ್ಕೆ ಜೇಕು ಯಾವುದು, ಒಂದೆಲಗ ಯಾವುದು ಗೊತ್ತಾಗೋದಿಲ್ಲ.

ಮಾವಿನ ಬುಡಕ್ಕೆ ಗುದ್ದಲಿ ಹಾಕಿಸಬೇಡ. ಕಳೆಯನ್ನು ನೆಲಮಟ್ಟಕ್ಕೆ ಕತ್ತಿಯಲ್ಲಿ ಸವರಿ, ಮೇಲೆ ಹಳೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸು. ಅಂಟಿಸಿದ ಟೇಪು, ಪಿನ್ನು ತೆಗೆದುಬಿಡು. ಒಂದರ ಅಂಚಿನ ಮೇಲೆ ಇನ್ನೊಂದು ಗೇಣಷ್ಟು ಹತ್ತಬೇಕು, ಸಂದಿ ಇರಬಾರದು. ನೀರು ಚಿಮುಕಿಸಿ ನೆನೆಸಿ, ಅದರ ಮೇಲೆ ಒಣ ಎಲೆ, ತೆಂಗಿನ ಗರಿ ಕಡಿದದ್ದು, ಏನು ಸಿಕ್ಕರೆ ಅದನ್ನು ಗೇಣುದ್ದ ಹರಡು. ಮರದ ಕಾಂಡಕ್ಕೆ ತಾಗದ ಹಾಗೆ ಒಂದಡಿ ಬಿಡು. ಇಲ್ಲದಿದ್ದರೆ ತೇವಕ್ಕೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ನಾವು ಅಡಿಕೆ ಮರದ ಬುಡಕ್ಕೆ ಸೋಗೆ, ದರಗು (ಉದುರಿದ ಒಣ ಎಲೆ) ಹೊದಿಸೋದು ತಲೆಮಾರಿನಿಂದ ಬಂದದ್ದು. ಕಳೆಯೂ ಕಡಿಮೆ, ಬೇಸಿಗೆಯಲ್ಲಿ ನೀರೂ ಕಡಿಮೆ ಸಾಕು.

ದರಗು ಬೇಕು ಅಂತ ಕಾಡಿನ ಕಡೆಯಿಂದ ಮಾತ್ರ ತರಿಸಬೇಡ. ಅದರಲ್ಲಿ ಉಣ್ಣೆ ಬರುತ್ತದೆ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಾಗಿದ್ದು. ಅದು ಉಣ್ಣೆ ಕಚ್ಚಿಯೇ ಹರಡೋದು. ಬೇಸಿಗೆ ಮುಗಿಯುವ ತನಕ ನಾವು ಇಲ್ಲಿ ಕಾಡಿಗೆ ಹೋಗೋದಕ್ಕೂ ಹೆದರುತ್ತೇವೆ. ನಿನ್ನ ಮನೆಯದೇ ಮಾವಿನ ಎಲೆ ಸಾಕಷ್ಟು ಇರುತ್ತದೆ, ಅದೇ ಒಳ್ಳೇದು.

ಬೆಟ್ಟದತಪ್ಪಲು (ಚಾಮರಾಜನಗರ)

ಹಾವಿನ ಬಗ್ಗೆ ಯಾರೂ ಹೇಳಲಿಲ್ಲ. ಅಷ್ಟು ವರ್ಷ ಬಿಟ್ಟ ಹಿತ್ತಲು, ಬಾವಿ ಕಟ್ಟೆ, ಲಂಟಾನ ಪೊದೆ. ಇಲಿ ಇದ್ದೇ ಇರುತ್ತದೆ, ಹಾವೂ ಇರುತ್ತದೆ ಅಂದುಕೊಂಡೇ ಕೆಲಸ ಶುರು ಮಾಡಿ. ನಾಗರಹಾವು ಸದ್ದಿಗೆ ಸರಿದು ಹೋಗುತ್ತದೆ. ಕೊಳಕುಮಂಡಲ ಹಾಗಲ್ಲ, ಒಣ ಎಲೆಯಲ್ಲಿ ಎಲೆಯ ಬಣ್ಣಕ್ಕೇ ಸೇರಿಕೊಂಡು ಅಲುಗದೆ ಮಲಗಿರುತ್ತದೆ.

ಮನೆಯ ಗೋಡೆ ಕಡೆಯಿಂದ ಶುರು ಮಾಡಿ ಹೊರಗಡೆಗೆ ಹೋಗಿ, ಆಗ ಅವಕ್ಕೆ ಹೋಗಲು ದಾರಿ ಇರುತ್ತದೆ. ನಾಲ್ಕೂ ಕಡೆಯಿಂದ ಸುತ್ತಿಕೊಂಡು ಬಂದರೆ ನಡುವಿನ ಪೊದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಗಮ್‌ಬೂಟ್ ಹಾಕಿ. ಮೊದಲು ಉದ್ದ ಕೋಲಿನಿಂದ ಬಡಿದು ಆಮೇಲೆ ಕೈ ಹಾಕಿ. ಕಲ್ಲು, ಹಂಚು, ಹಲಗೆ ಎತ್ತುವಾಗ ನಿಮ್ಮ ಕಡೆಗೆ ಎತ್ತಬೇಡಿ, ಆಚೆ ಕಡೆ ತೆರೆದುಕೊಳ್ಳುವ ಹಾಗೆ ಎತ್ತಿ. ಕಂಡರೆ ಕೊಲ್ಲಬೇಡಿ, ಮೈಸೂರಿನಲ್ಲಿ ಹಾವು ಹಿಡಿದು ಕಾಡಿಗೆ ಬಿಡುವವರು ಇದ್ದಾರೆ. ಅಕಸ್ಮಾತ್ ಕಚ್ಚಿದರೆ ಹಗ್ಗ ಬಿಗಿಯೋದು, ಕೊಯ್ಯೋದು, ನಾಟಿ ಔಷಧಿ ಯಾವುದೂ ಬೇಡ. ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ ನೇರ ದೊಡ್ಡಾಸ್ಪತ್ರೆಗೆ.

ಲಂಟಾನ ಕಡಿದ ಮೇಲೆ ಕಡ್ಡಿ ಬಿಸಾಡಬೇಡಿ. ನಮ್ಮ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಮೇಜು ಮಾಡುತ್ತಾರೆ, ಅಷ್ಟು ಗಟ್ಟಿ. ಹಾಗಲ, ಹೀರೆ ಬಳ್ಳಿ ಹಬ್ಬಿಸಲು ಒಳ್ಳೆ ಚಪ್ಪರ ಆಗುತ್ತದೆ. ಬುಡವನ್ನು ಮಾತ್ರ ಹಾರೆ ಹಾಕಿ ಬೇರು ಸಮೇತ ಎತ್ತಿಸಿ. ಮಚ್ಚಲ್ಲಿ ಕಡಿದು ಬಿಟ್ಟರೆ ಮೊದಲ ಮಳೆಗೆ ನಾಲ್ಕು ಪಟ್ಟು ಚಿಗುರುತ್ತದೆ. ಸುಬಾಬುಲ್ ಕೂಡ ಅಷ್ಟೆ.

ಟೆರೇಸ್ ತೋಟ (ಬೆಂಗಳೂರು)

ಕಿತ್ತದ್ದೆಲ್ಲ ಒಣಗಿದ ಮೇಲೆ ಒಂದು ಮೂಲೆಯಲ್ಲಿ ಬೆಂಕಿ ಹಾಕಬಹುದಲ್ವಾ? ಬೀಜವೂ ಸುಟ್ಟುಹೋಗುತ್ತದೆ.

ವಾರ್ಡ್ ಸಿಸ್ಟರ್ (ಶಿವಮೊಗ್ಗ)

ಬೇಡ ಸರ್. ವೀಸಿಂಗ್ ಇರುವ ಮಗು ಅಂತ ಅವರು ಮೊದಲೇ ಹೇಳಿದ್ದಾರೆ. ಬಯಲಲ್ಲಿ ಕಸ ಸುಡೋದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ಹಾಕಬೇಕು ಅಂತ ಆದೇಶ ಮಾಡಿದೆ.

ಹಿತ್ತಲಮನೆ (ಮೈಸೂರು), ಏಪ್ರಿಲ್ 9

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಕಾಂಗ್ರೆಸ್ ಗಿಡ ಪೂರ್ತಿ ಹೋಯಿತು. ಮಗಳು ಅಷ್ಟೂ ದಿನ ಅತ್ತೆ ಮನೆಯಲ್ಲಿದ್ದಳು. ಲಂಟಾನದ ಬುಡ ಎತ್ತಲು ಇಬ್ಬರು ಹಾರೆ ಹಿಡಿಯಬೇಕಾಯಿತು. ಮಾವಿನ ಕೆಳಗೆ ಸಾಗರದ ಅಕ್ಕ ಹೇಳಿದ ಹಾಗೆ ರಟ್ಟು ಹಾಸಿದ್ದೇವೆ. ಸುಣ್ಣ ಬಣ್ಣಕ್ಕೆ ತಂದ ಡಬ್ಬಗಳ ಪೆಟ್ಟಿಗೆಯೇ ಬೇಕಾದಷ್ಟು ಇದ್ದವು. ಹೊನಗೊನ್ನೆ ಸಿಕ್ಕಿತು ಅಕ್ಕ, ಬಾವಿ ಪಕ್ಕದಲ್ಲೇ. ಬಿಟ್ಟಿದ್ದೇನೆ.

ಈಗ ಉಳಿದಿರೋದು ಬಿಸಿಲು ಬೀಳುವ ಕಡೆಯ ಜೇಕು, ಗರಿಕೆ. ಅಲ್ಲಿಗೆ ಪ್ಲಾಸ್ಟಿಕ್ ಹೊದಿಸಿ ಬಿಸಿಲಲ್ಲಿ ಬೇಯಿಸೋದು ಅಂತ ಎಲ್ಲೋ ಕೇಳಿದೆ. ಕಪ್ಪು ಟಾರ್ಪಾಲು ಮನೆಯಲ್ಲಿದೆ, ಅದು ಆಗುತ್ತದಾ?

ಕಬ್ಬಿನಗದ್ದೆ (ಮಂಡ್ಯ)

ಇದಕ್ಕೆ ಈಗ ಸರಿಯಾದ ಕಾಲ ಮೇಡಂ. ಏಪ್ರಿಲ್, ಮೇ ಬಿಸಿಲು ಬಿಟ್ಟರೆ ಬೇರೆ ತಿಂಗಳಲ್ಲಿ ಇದು ನಡೆಯೋದಿಲ್ಲ.

ಪ್ಲಾಸ್ಟಿಕ್‌ಗೆ ಮುಂಚೆ ಜೇಕಿನ ಕೆಲಸ. ನೀರು ಹಾಕದೆ, ಒಣ ಮಣ್ಣನ್ನೇ ಒಂದಡಿ ಆಳಕ್ಕೆ ಅಗೆದು ಹೆಂಟೆ ಮೇಲೆ ಕೆಳಗೆ ಮಾಡಿಸಿ. ಹೆಂಟೆ ಒಡೆಯಬೇಡಿ, ಹಾಗೇ ಬಿಸಿಲಿಗೆ ಬಿಡಿ. ಗಡ್ಡೆಗೆ ನೀರಿನಂಶ ಹೋದರೆ ಜೀವ ಹೋಗುತ್ತದೆ. ಗರಿಕೆಯ ಗೆಣ್ಣೂ ಹಾಗೇ ಒಣಗುತ್ತದೆ. ವಾರ ಹತ್ತು ದಿನ ಕಳೆದ ಮೇಲೆ ಹೆಂಟೆ ಒಡೆದು, ಗಾರೆಯವರು ಮರಳು ಜರಡಿ ಹಿಡಿಯುವ ಜಾಲರಿ ಇರುತ್ತದಲ್ಲ, ಅದರಲ್ಲಿ ಹಾಯಿಸಿ. ಗಡ್ಡೆ, ಗೆಣ್ಣು ಮೇಲೆ ಉಳಿಯುತ್ತವೆ. ನಿಮ್ಮ ಮನೆಯಲ್ಲಿ ಕೆಲಸ ನಡೆಯುತ್ತಿದೆ, ಜಾಲರಿ ಅಲ್ಲೇ ಸಿಕ್ಕೀತು. ತೆಗೆದ ಗಡ್ಡೆ ಗೊಬ್ಬರಕ್ಕೆ ಹಾಕಬೇಡಿ.

ಆಮೇಲೆ ನೆಲ ಸಮ ಮಾಡಿ ಚೆನ್ನಾಗಿ ನೀರು ಕುಡಿಸಿ. ಒದ್ದೆ ಮಣ್ಣಿಗೇ ಶಾಖ ಆಳಕ್ಕೆ ಇಳಿಯೋದು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ. ಕಪ್ಪು ಟಾರ್ಪಾಲು ಬೇಡ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ. ಪಾರದರ್ಶಕ ಆದರೆ ಬಿಸಿಲು ಒಳಗೆ ಹೋಗಿ ಮಣ್ಣು ಕಾಯುತ್ತದೆ, ಶಾಖ ಹೊರಗೆ ಬರೋದಿಲ್ಲ. 25ರಿಂದ 50 ಮೈಕ್ರಾನ್ ದಪ್ಪ ಸಾಕು, ತೆಳು ಇದ್ದಷ್ಟೂ ಶಾಖ ಜಾಸ್ತಿ. ನೆಲಕ್ಕೆ ಅಂಟಿಕೊಂಡ ಹಾಗೆ ಎಳೆದು, ಸುತ್ತ ಕಾಲುವೆ ತೋಡಿ ಅಂಚನ್ನು ಮಣ್ಣಿನಲ್ಲಿ ಹೂಳಿ. ಎಲ್ಲೂ ಗಾಳಿ ಆಡಬಾರದು. ತೂತು ಬಿದ್ದರೆ ಟೇಪ್ ಹಾಕಿ. 4ರಿಂದ 6 ವಾರ ಹಾಗೇ ಇರಲಿ. ನಡುವೆ ಭರಣಿ, ಕೃತ್ತಿಕೆ ಮಳೆ ಬಿದ್ದು ಮೇಲೆ ನೀರು ನಿಂತರೆ ಪೊರಕೆಯಲ್ಲಿ ತಳ್ಳಿಬಿಡಿ.

ಮೇಲಿನ ಎರಡು ಮೂರು ಇಂಚಿನಲ್ಲಿರುವ ಬೀಜಗಳು ಬಹುಪಾಲು ಬೇಯುತ್ತವೆ. ಆಳದ ಜೇಕಿನ ಗಡ್ಡೆ ಪೂರ್ತಿ ಸಾಯೋದಿಲ್ಲ, ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಹಾಳೆ ತೆಗೆದ ಮೇಲೆ ಮತ್ತೆ ಅಗೆಯಬಾರದು, ಇದು ಮುಖ್ಯ. ಅಗೆದರೆ ಕೆಳಗಿನ ಬೇಯದ ಬೀಜ ಮೇಲೆ ಬಂದು ಮಾಡಿದ್ದೆಲ್ಲ ವ್ಯರ್ಥ.

ಹಿತ್ತಲಮನೆ (ಮೈಸೂರು), ಜೂನ್ 14

ಹಾಳೆ ತೆಗೆದೆವು. ರೋಹಿಣಿ ಮಳೆ ಚೆನ್ನಾಗಿ ಬಂತು. ಮೊದಲು ಮಳೆ ಬಿದ್ದ ಕೂಡಲೇ ಹಸಿರು ಮುಚ್ಚಿಕೊಳ್ಳುತ್ತಿದ್ದ ಜಾಗ ಈಗ ಬಹುತೇಕ ಬರಿ ಮಣ್ಣಾಗಿ ನಿಂತಿದೆ. ಅಂಚಿನಲ್ಲಿ, ಹಾಳೆ ಸರಿಯಾಗಿ ಕೂರದ ಕಡೆ ಮಾತ್ರ ಕಾಂಗ್ರೆಸ್ ಸಸಿ ಬಂದಿವೆ, ಎರಡೆಲೆ ಇರುವಾಗಲೇ ಕೀಳುತ್ತಿದ್ದೇನೆ. ಜೇಕು ಅಲ್ಲೊಂದು ಇಲ್ಲೊಂದು ಸೂಜಿಯ ಹಾಗೆ ಮೇಲೆ ಬರುತ್ತಿದೆ. ಕಂಟ್ರಾಕ್ಟರ್ ಮತ್ತೆ ಫೋನ್ ಮಾಡಿ ಈಗ ಲಾನ್ ಹಾಸೋಣ, ಮಳೆಗಾಲ ಒಳ್ಳೆ ಟೈಮು ಅಂತಾರೆ. ಹಾಸಬಹುದಾ?

ಕಬ್ಬಿನಗದ್ದೆ (ಮಂಡ್ಯ)

ಬೇಡ. ಇಷ್ಟು ತಾಳಿದ್ದೀರಿ, ಇನ್ನೊಂದು ಬೆಳೆಯಷ್ಟು ಕಾಲ ತಾಳಿ. ಲಾನ್ ಹಾಸಿದ ಮೇಲೆ ಅದರೊಳಗಿಂದ ಜೇಕು ಎದ್ದರೆ ಅಗೆಯಲೂ ಆಗೋದಿಲ್ಲ, ಬಿಡಲೂ ಆಗೋದಿಲ್ಲ. ಕಬ್ಬಿಗೆ ಹೊಡೆಯುವ ಹಾಲೋಸಲ್ಫ್ಯೂರಾನ್ ಅನ್ನುವ ಕಳೆನಾಶಕ ತರಿಸಿ ಅಂತ ಯಾರಾದರೂ ಹೇಳುತ್ತಾರೆ. ಮತ್ತೆ ಔಷಧಿಯ ದಾರಿಗೇ ಬರಬೇಕಾಗುತ್ತದೆ.

ಈಗ ಆ ಜಾಗಕ್ಕೆ ಅಪ್ಸೆಣಬು ಅನ್ನುವ ಹಸಿರು ಗೊಬ್ಬರದ ಬೆಳೆಯ ಬೀಜ ಚೆಲ್ಲಿ, ಒತ್ತಾಗಿ. ಸಿಗದಿದ್ದರೆ ಹುರುಳಿ ಅಥವಾ ಅಲಸಂದೆ. ಕುಂಟೆ ಎಳೆದ ಹಾಗೆ ಮೇಲ್ಮೇಲೆ ಮಣ್ಣು ಕೆದಕಿ ಮುಚ್ಚಿದರೆ ಸಾಕು. ಬೇಗ ಎದ್ದು ನೆಲಕ್ಕೆ ನೆರಳು ಕಟ್ಟುತ್ತದೆ. ಜೇಕಿಗೆ ನೆರಳು ಆಗೋದಿಲ್ಲ ಅಂತ ಹೇಳಿದ್ದೆನಲ್ಲ, ಅದಕ್ಕೇ ಇದು. ಅದರ ನಡುವೆ ಕಂಡ ಜೇಕನ್ನು ಐದಾರು ಎಲೆ ಬರುವ ಮುಂಚೆಯೇ ತೆಗೆಯುತ್ತಿರಿ. ಅಷ್ಟರ ತನಕ ಅದು ಹಳೆ ಗಡ್ಡೆಯ ಸಾರ ತಿಂದೇ ಬೆಳೆಯುತ್ತಿರುತ್ತದೆ. ಆಮೇಲೆ ಬಿಟ್ಟರೆ ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ತೆಗೆದಷ್ಟೂ ಸಲ ಗಡ್ಡೆ ಸೊರಗುತ್ತದೆ. ಅಪ್ಸೆಣಬು ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ ಕೊಯ್ದು ಅಲ್ಲೇ ಹಾಸಿ. ಅಗೆದು ಸೇರಿಸುವ ಅಗತ್ಯ ಇಲ್ಲ, ಮೇಲೇ ಕೊಳೆತು ಗೊಬ್ಬರ ಆಗುತ್ತದೆ.

ಅಡಿಕೆಸೋಗೆ (ಸಾಗರ)

ಅಪ್ಸೆಣಬಿನ ಆಚೆ ಬದಿಗೆ ಒಂದು ಸಾಲು ಚೆಂಡುಹೂ ಹಾಕು ತಂಗಿ. ದಸರಾ ಹೊತ್ತಿಗೆ ಆಯುಧಪೂಜೆಗೆ ಮನೆಯ ಹೂವೇ ಆಗುತ್ತದೆ. ಮೈಸೂರಲ್ಲಿ ಆಗ ಹೂವಿನ ರೇಟು ಕೇಳಲಾಗೋದಿಲ್ಲ.

ಗೊಬ್ಬರ ತರಿಸುವಾಗ ಹಸಿ ಸಗಣಿ ಹಾಕಿಸಬೇಡ. ದನ ತಿಂದ ಹುಲ್ಲಿನ ಬೀಜ ಅದರಲ್ಲಿ ಜೀವಂತ ಇರುತ್ತದೆ. ಚೆನ್ನಾಗಿ ಕಳಿತು, ಹಿಡಿದರೆ ಪುಡಿಯಾಗುವ, ವಾಸನೆ ಹೋದ ಕೊಟ್ಟಿಗೆ ಗೊಬ್ಬರ ಆಗಬೇಕು.

ಟೆರೇಸ್ ತೋಟ (ಬೆಂಗಳೂರು)

ಲಾನ್ ಹಾಕುವ ಕಾಲಕ್ಕೆ ಯಾವ ಹುಲ್ಲು ಒಳ್ಳೇದು? ಮಾವಿನ ನೆರಳಿದೆ ಅಂದರಲ್ಲ.

ಕಬ್ಬಿನಗದ್ದೆ (ಮಂಡ್ಯ)

ಮಾವಿನ ದಟ್ಟ ನೆರಳಿಗೆ ಯಾವ ಹುಲ್ಲೂ ಬೇಡ. ಹೊದಿಕೆ ಹಾಗೇ ಇರಲಿ, ಒಂದು ಕಲ್ಲು ಬೆಂಚು ಹಾಕಿಕೊಳ್ಳಿ. ಅರೆ ನೆರಳಿಗೆ ಅಗಲ ಎಲೆಯ ಬಫಲೋ ಹುಲ್ಲು ಬರುತ್ತದೆ. ಪೂರ್ತಿ ಬಿಸಿಲಿಗೆ ಮೆಕ್ಸಿಕನ್ ಹುಲ್ಲು. ಅದು ನಿಧಾನ, ಆದರೆ ಒತ್ತಾಗಿ ಹಬ್ಬುತ್ತದೆ. ಹುಲ್ಲಿನ ಹಾಸು ತರಿಸಿದಾಗ ಮಗುಚಿ ಬೇರಿನ ಕಡೆ ನೋಡಿ. ನರ್ಸರಿ ಮಣ್ಣಿನಲ್ಲಿ ಕಪ್ಪು ಗಡ್ಡೆ ಕಂಡರೆ ಆ ಲೋಡನ್ನೇ ವಾಪಸ್ ಕಳಿಸಿ. ಪಕ್ಕದ ಸೈಟಿನಿಂದ ಗರಿಕೆ ನುಗ್ಗದ ಹಾಗೆ ಕಾಂಪೌಂಡ್ ಒಳಬದಿಗೆ ಅರ್ಧ ಅಡಿ ಆಳಕ್ಕೆ ಕಲ್ಲು ಚಪ್ಪಡಿ ನಿಲ್ಲಿಸಿ ಹೂಳಿಸಿ. ಆಮೇಲೂ ಚಪ್ಪಡಿ ಮೇಲಿಂದ ಬಳ್ಳಿ ದಾಟುತ್ತದೆ, ತಿಂಗಳಿಗೊಮ್ಮೆ ಕತ್ತರಿಸಬೇಕು.

ಹೊಸಬ (ಹುಬ್ಬಳ್ಳಿ)

ಇಷ್ಟೂ ಓದಿದೆ, ತುಂಬ ಉಪಯೋಗ ಆಯಿತು. ನಮ್ಮದು ಎರೆ ಮಣ್ಣು, ಮನೆ ಹಿಂದೆ ಕರಕಿ (ನೀವು ಗರಿಕೆ ಅನ್ನೋದು) ತುಂಬಿದೆ. ಮಳೆ ಶುರುವಾಗಿದೆ. ಈಗ ಇದೇ ರೀತಿ ಮಾಡಬಹುದಾ?

ಎರೆಹೊಲ (ಧಾರವಾಡ)

ಈಗ ಬೇಡ ತಮ್ಮಾ. ಎರೆ ಮಣ್ಣು ನೆನೆದಾಗ ಗುದ್ದಲಿ ಹಾಕಿದರೆ ಮುದ್ದೆ ಕಟ್ಟುತ್ತದೆ, ಒಣಗಿದ ಮೇಲೆ ಆ ಮುದ್ದೆ ಒಡೆಯೋದು ಕಷ್ಟ. ಕರಕಿ ತುಂಡುಗಳೂ ಅದರೊಳಗೆ ಹಸಿಯಾಗಿ ಉಳಿದು ಎಲ್ಲ ಕಡೆ ಚಿಗುರುತ್ತವೆ. ಈ ಮಳೆಗಾಲ ಹೂ ಬಿಡದ ಹಾಗೆ ಮೇಲೆ ಮೇಲೆ ಕೊಯ್ಯುತ್ತಿರು, ಬಿಸಿಲಿಲ್ಲದ ಕಡೆ ರಟ್ಟು ಹಾಸು. ಸುಗ್ಗಿ ಮುಗಿದು ನೆಲ ಬಿರುಕು ಬಿಟ್ಟ ಮೇಲೆ ಮಾಗಿ ಉಳುಮೆ ಮಾಡುವ ಹಾಗೆ ಪಿಕಾಸಿಯಲ್ಲಿ ದೊಡ್ಡ ದೊಡ್ಡ ಹೆಂಟೆ ಎಬ್ಬಿಸಿ ಬಿಡು. ಬೇಸಿಗೆ ಪೂರ್ತಿ ಬಿಸಿಲು ತಿನ್ನಲಿ. ಮೊದಲ ಮಳೆಗೆ ಹೆಂಟೆ ತಾನಾಗೇ ಅರಳಿ ಪುಡಿಯಾಗುತ್ತದೆ, ಆಗ ಕರಕಿಯ ಒಣ ಬೇರು ಕೈಯಲ್ಲೇ ಆರಿಸಬಹುದು. ಪ್ಲಾಸ್ಟಿಕ್ ಹಾಳೆ ಬೇಕಿದ್ದರೆ ಮಾರ್ಚಿನಲ್ಲೇ ತಂದಿಟ್ಟುಕೋ.